ಅರಿಶಿನ ಹಚ್ಚಿದ ರಸಾಯನಶಾಸ್ತ್ರ

ಮೊಮ್ಮಕ್ಕಳೇ, ಹಿರಿಯೂರಿನಲ್ಲಿ ಕೂತು ನೀವು ಕೇಳಿರುವುದು ನಿಮ್ಮ ಕಾವ್ಯಕ್ಕ ಫೋನಿನಲ್ಲಿ ನಕ್ಕು ನಕ್ಕು ಹೇಳಿದ ಕಥೆ. ಅದರಲ್ಲಿ ಅರ್ಧಕ್ಕರ್ಧ ಒಗ್ಗರಣೆ. ನಿಜವಾಗಿ ನಡೆದದ್ದು ಅದಕ್ಕಿಂತ ಕೆಟ್ಟದಾಗಿತ್ತು! ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾವ್ಯ ಇಲ್ಲಿ ಹೊಳಲ್ಕೆರೆಯಲ್ಲಿ ನನ್ನ ಜೊತೆಗಿದ್ದು ಹತ್ತನೇ ಕ್ಲಾಸು ಓದುತ್ತಾಳಲ್ಲ, ಅವಳ ಜೀವದ ಗೆಳತಿ ಶಾಹಿನಾ. ಹಾಸಿಗೆ ಹೊಲಿಯುವವರ ಮನೆಯ ಹುಡುಗಿ. ಈ ವರ್ಷ ಕಾಮಾಲೆಯಾಗಿ ಎರಡು ತಿಂಗಳು ಶಾಲೆಗೆ ಹೋಗಲಿಲ್ಲ. ಎದ್ದು ಬರುವಷ್ಟರಲ್ಲಿ ರಸಾಯನಶಾಸ್ತ್ರದ ಪಾಠಗಳೆಲ್ಲ ಮುಗಿದಿದ್ದವು. ಪುಸ್ತಕ ತೆರೆದರೆ ಅವಳಿಗೆ ಕಣ್ಣು ಕತ್ತಲೆ. "ನಾನು ಮುಂದಿನ ವರ್ಷ ಬರೀತೀನಿ ಬಿಡು" ಎಂದು ಕೂತುಬಿಟ್ಟಳು. ಪರೀಕ್ಷೆಗೆ ಕೂರುವವರ ಪಟ್ಟಿಗೆ ಹೆಸರು ಕೊಡಲು ಸೋಮವಾರವೇ ಕೊನೆ. ಕಾವ್ಯಳಿಗೆ ಅನ್ನ ಸೇರದು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು ಅವರಿಬ್ಬರದು.

ಅಷ್ಟರಲ್ಲಿ ಅವರ ವಿಜ್ಞಾನದ ಮೇಷ್ಟ್ರು, ಓದಿದ್ದನ್ನು ಮತ್ತೊಮ್ಮೆ ನೆನಪಿಸುವಂಥ ಒಂದು ಆಟ ಮಾಡಿಕೊಂಡು ಬನ್ನಿ, ಸೋಮವಾರ ಎಲ್ಲರೂ ಆಡೋಣ ಎಂದರಂತೆ. ಆಟದಲ್ಲಾದರೂ ಶಾಹಿನಾಗೆ ಧೈರ್ಯ ಬರಲಿ ಎಂದು ಕಾವ್ಯ ಅವಳನ್ನೇ ಜೊತೆಗೆ ಸೇರಿಸಿಕೊಂಡಳು.

ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುವುದು ಬಿಟ್ಟು ಬಾಯಿ ಬಿಟ್ಟೆ. ಅಲ್ಲಿಂದ ಶುರು!

"ಆಟದ ಮನೆ ನಾನು ಹಾಕಿಕೊಡ್ತೀನಿ. ಕವಡೆ ಹಾಕಿ ಆಡೋ ಚೌಕಾಬಾರ ಐತಲ್ಲ!"

ನಾನು ರಾಮಗಿರಿಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ನಾಲ್ಕು ಜನರೆದುರು ನನ್ನ ಹೆಸರು ಹೇಳಲೂ ತೊದಲುತ್ತೇನೆ. ಆದರೆ ಚೌಕಾಬಾರದಲ್ಲಿ ನನ್ನನ್ನು ಸೋಲಿಸಿದ ಗಂಡಸಾಗಲಿ ಹೆಂಗಸಾಗಲಿ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಿಮ್ಮ ತಾತ ಮೂವತ್ತು ವರ್ಷ ಪ್ರಯತ್ನಿಸಿ ಕೈಬಿಟ್ಟಿದ್ದರು.

ಶಾಹಿನಾ ಮನೆಯಿಂದ ಹಾಸಿಗೆ ಹೊಲಿಯುವ ದಪ್ಪ ಬಿಳಿ ಬಟ್ಟೆ ತಂದಳು. ನಾನು ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆ ಹಾಕಿದೆ. ಹುಡುಗಿಯರು ಸ್ಕೆಚ್ ಪೆನ್ನಿನಲ್ಲಿ ಒಂದೊಂದು ಮನೆಗೆ ಒಂದೊಂದು ಧಾತುವಿನ ಹೆಸರು ಬರೆದರು. ಕಾಯಿ ಯಾವ ಮನೆಗೆ ಬಂದರೆ ಆ ಧಾತುವಿನ ಚೀಟಿ ಎತ್ತಿ, ಪ್ರಶ್ನೆಗೆ ಉತ್ತರ ಹೇಳಬೇಕು. ತಪ್ಪಿದರೆ ಕಾಯಿ ವಾಪಸ್ಸು ಊರಿಗೆ!

"ಗಟ್ಟಿಮನೆಗೆ ಏನು ಬರೀತೀರಿ?" ಎಂದೆ. ಗಟ್ಟಿಮನೆ ಎಂದರೆ ಯಾರೂ ಯಾರನ್ನೂ ಹೊಡೆಯಲಾಗದ ಕಾಟು ಹಾಕಿದ ಮನೆ.

"ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್. ಅಲ್ಲಿ ಪ್ರಶ್ನೆ ಬೇಡ. ಇವು ಯಾರ ಜೊತೆಗೂ ಸೇರಲ್ಲ ಅಜ್ಜಿ. ತಮ್ಮ ಪಾಡಿಗೆ ತಾವು ಇರ್ತಾವೆ" ಎಂದಳು ಕಾವ್ಯ.

"ನಮ್ಮ ದೊಡ್ಡ ಭಾವನೋರ ಹಂಗೆ. ಮದುವೆ ಮನೇಲೂ ಒಬ್ಬರೇ ಮೂಲೇಲಿ ಕುಂತಿರ್ತಾರೆ."

ಶಾಹಿನಾ ಕಿಸಕ್ಕನೆ ನಕ್ಕಳು. ಎರಡು ತಿಂಗಳಲ್ಲಿ ಮೊದಲ ನಗು. ನನಗೋ, ಪ್ರಪಂಚದ ರಸಾಯನಶಾಸ್ತ್ರವೆಲ್ಲ ನನ್ನ ಸೆರಗಿನ ಗಂಟಿನಲ್ಲಿದೆ ಎನ್ನಿಸಿತು.

ಭಾನುವಾರ ಬೆಳಿಗ್ಗೆ ಪರೀಕ್ಷಾರ್ಥ ಪಂದ್ಯ. ಆಡಲು ಮೂರನೆಯವರು ಬೇಕಿತ್ತು. ನಾನು ಕೂತೆ. ಏನೂ ಬಾರದ ಅಜ್ಜಿ ಸೋಲುತ್ತಾಳೆ, ಶಾಹಿನಾ ಗೆಲ್ಲುತ್ತಾಳೆ, ಅವಳಿಗೆ ಧೈರ್ಯ ಬರುತ್ತದೆ. ಇದು ಕಾವ್ಯಳ ಲೆಕ್ಕಾಚಾರ. ಕಣ್ಣು ಹೊಡೆದು ನನಗೆ ಸನ್ನೆಯನ್ನೂ ಮಾಡಿದ್ದಳು.

ಆದರೆ ಕವಡೆ ಕೈಗೆ ಬಂದ ಮೇಲೆ ನಾನು ನಾನಾಗಿರುವುದಿಲ್ಲ, ಮಕ್ಕಳೇ!

ನಾಲ್ಕು ಬೇಕೆಂದರೆ ಚೌಕ, ಎಂಟು ಬೇಕೆಂದರೆ ಬಾರ. ಎಣಿಸಿ ಎಣಿಸಿ ಗಟ್ಟಿಮನೆಗೇ ಕಾಯಿ ಇಟ್ಟೆ. ಅಲ್ಲಿ ಪ್ರಶ್ನೆಯೇ ಇಲ್ಲವಲ್ಲ! ಹೀಲಿಯಮ್ಮಿನಲ್ಲಿ ಸುಧಾರಿಸಿಕೊಂಡೆ, ನಿಯಾನಿನಲ್ಲಿ ಎಲೆ ಅಡಿಕೆ ಹಾಕಿಕೊಂಡೆ. ದಾರಿಯಲ್ಲಿ ಶಾಹಿನಾಳ ಕಾಯಿಯನ್ನು ಮೂರು ಸಲ ಹೊಡೆದೆ. ಹೊಡೆದವರಿಗೆ ಪ್ರಶ್ನೆ ಇಲ್ಲ ಎಂದು ನಾನೇ ನಿಯಮವನ್ನೂ ಮಾಡಿದೆ. "ಹೊಡೀದೆ ಒಳಗೆ ಹೋಗಂಗಿಲ್ಲ!" ಎಂದು ಕೂಗಿದ್ದು ಬೇರೆ. ಒಂದೇ ಒಂದು ಪ್ರಶ್ನೆಗೂ ಉತ್ತರ ಹೇಳದೆ ಇಡೀ ರಸಾಯನಶಾಸ್ತ್ರವನ್ನು ಪೂರೈಸಿ, ನಾಲ್ಕೂ ಕಾಯಿ ನಡುಮನೆ ಸೇರಿಸಿ ಹಣ್ಣು ಮಾಡಿ ತೊಡೆ ತಟ್ಟಿದೆ.

ಯಾರೂ ನಗಲಿಲ್ಲ.

ಶಾಹಿನಾ ತನ್ನ ಕಾಯಿಗಳನ್ನು ಎತ್ತಿ ಮೆಲ್ಲಗೆ ಡಬ್ಬಿಗೆ ಹಾಕಿದಳು. "ಏನೂ ಓದದ ಅಜ್ಜಿನೂ ಗೆದ್ದರು. ನಂಗೆ ಆಟದಾಗೂ ಬರಲ್ಲ. ನಾಳೆ ನಾನು ಹೆಸರು ಕೊಡಲ್ಲ ಕಾವ್ಯ" ಎಂದು ಎದ್ದು ಹೋದಳು. ಕಾವ್ಯ ಅವಳ ಹಿಂದೆ ಓಡುವ ಮುಂಚೆ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಬರೆಯುವುದಿಲ್ಲ.

ಮನೆಯಲ್ಲಿ ನಾನೊಬ್ಬಳೇ. ಒಂದು ಮಗುವಿನ ಒಂದು ವರ್ಷ ನನ್ನ ಕವಡೆಗೆ ಬಲಿಯಾಯಿತಲ್ಲ! ಏನಾದರೂ ಮಾಡಬೇಕು. ಯೋಚಿಸಿದೆ. ಹೊಳೆಯಿತು. ಹೊಸ ವಸ್ತುವಿಗೆ ಅರಿಶಿನ ಮುಟ್ಟಿಸದೆ ಆಡಲು ಕೂತೆವು, ಅದೇ ತಪ್ಪು! ನೇಗಿಲಿರಲಿ ಹೊಲಿಗೆ ಮಿಷನ್ನಿರಲಿ, ನಮ್ಮಲ್ಲಿ ಅರಿಶಿನವಿಲ್ಲದೆ ಯಾವುದಕ್ಕೆ ಕೈ ಹಚ್ಚುತ್ತೇವೆ?

ಬಟ್ಟಲಲ್ಲಿ ಅರಿಶಿನ ಕಲಸಿ, ಬಟ್ಟೆ ಹಾಸಿ, ಮೊದಲ ಮೂಲೆಗೆ ಬೆರಳು ಇಟ್ಟೆನೋ ಇಲ್ಲವೋ, ಪಕ್ಕದ ಮನೆ ಗೌರಮ್ಮ ಬಾಗಿಲಲ್ಲಿ, "ಏನ್ ಮಾಡ್ತಿದೀರಿ ಅಕ್ಕಾ?" ಎಂದಳು. ಕಳ್ಳಿ ಸಿಕ್ಕಿಬಿದ್ದ ಹಾಗೆ ಬೆಚ್ಚಿದೆ. ಬಟ್ಟಲು ಮಗುಚಿತು. ಸೋಡಿಯಂ ಮೇಲೆ, ಕ್ಲೋರಿನ್ ಮೇಲೆ, ಸುತ್ತಲಿನ ಏಳೆಂಟು ಮನೆಗಳ ಮೇಲೆ ಅರಿಶಿನದ ಹೊಳೆ!

"ಸೋಪು ಹಾಕಿ ಉಜ್ಜಿದ್ರೆ ಹೋಗ್ತೈತೆ ಬಿಡ್ರಿ" ಎಂದಳು ಗೌರಮ್ಮ.

ಬಚ್ಚಲಿಗೆ ಒಯ್ದು ಬಟ್ಟೆ ಸೋಪು ಹಾಕಿ ಉಜ್ಜಿದೆ. ಹಳದಿ ಹೋಯಿತು, ನಿಜ. ರಕ್ತದಂಥ ಕೆಂಪು ಬಂತು!

"ಅಯ್ಯೋ, ಕೈ ಕುಯ್ಕಂಡ್ರಾ?" ಗೌರಮ್ಮ ನನ್ನ ಬೆರಳುಗಳನ್ನು ಎಣಿಸಿದಳು. ಹತ್ತೂ ಇದ್ದವು. ಇನ್ನಷ್ಟು ಉಜ್ಜಿದೆ, ಇನ್ನಷ್ಟು ಕೆಂಪಾಯಿತು. ಅಷ್ಟರಲ್ಲಿ ಸ್ಕೆಚ್ ಪೆನ್ನಿನ ಬಣ್ಣವೂ ಕದಡಿತು. ಆಮ್ಲಜನಕ ಕರಗಿ ಗಂಧಕದ ಮನೆ ಸೇರಿತು. ಯಾರ ಜೊತೆಗೂ ಸೇರದ ದೊಡ್ಡ ಭಾವನಂಥ ಹೀಲಿಯಂ ಕೂಡ ಪಕ್ಕದವರ ಮೇಲೆ ಒರಗಿ ಕೂತಿತು!

ಗೌರಮ್ಮ ದನಿ ತಗ್ಗಿಸಿದಳು. "ಅಕ್ಕಾ, ಇದು ಸೋಪಿನ ಕೆಲಸ ಅಲ್ಲ. ಆ ಹುಡುಗೀರಿಗೆ ಯಾರದೋ ದೃಷ್ಟಿ ತಾಕೈತೆ. ತಡೀರಿ."

ಅವಳು ನಿಂಬೆಹಣ್ಣು ತಂದು, ಬಟ್ಟೆಯ ಸುತ್ತ ಮೂರು ಸಲ ನಿವಾಳಿಸಿ, ಕತ್ತರಿಸಿ ಹಿಂಡಿದಳು. ಮಕ್ಕಳೇ, ರಸ ಬಿದ್ದ ಕಡೆ ಕೆಂಪೆಲ್ಲ ಮಾಯ! ಮತ್ತೆ ಅಚ್ಚ ಹಳದಿ!

"ಹೋಯ್ತು ನೋಡ್ರಿ ದೃಷ್ಟಿ!"

ನನಗೂ ಮೈ ಜುಂ ಎಂದಿತು. ಉಳಿದ ಹಳದಿಯನ್ನೂ ತೆಗೆಯೋಣವೆಂದು ಸೋಪು ಉಜ್ಜಿದೆ. ಕೆಂಪು!

"ಮತ್ತೆ ಬಂತಲ್ರಿ!"

ಮತ್ತೊಂದು ನಿಂಬೆಹಣ್ಣು. ಹೋಯಿತು. ಮತ್ತೆ ಸೋಪು. ಬಂತು. ದೃಷ್ಟಿ ಹೊಸದುರ್ಗದ ಬಸ್ಸಿನ ಹಾಗೆ ಹೋಗಿ ಬಂದು ಮಾಡತೊಡಗಿತು. ನಾಲ್ಕನೆಯ ನಿಂಬೆಹಣ್ಣು ಹಿಡಿದು ಇಬ್ಬರೂ ಬೆವರುತ್ತಿದ್ದಾಗ ಹಿಂದೆ ಯಾರೋ ಉಸಿರೆಳೆದ ಸದ್ದಾಯಿತು. ಕಾವ್ಯ, ಶಾಹಿನಾ! ಕಾವ್ಯ ಹೇಗೋ ಗೆಳತಿಯನ್ನು ಮಾತಾಡಿಸಿ, ಇನ್ನೊಂದೇ ಸಲ ಆಡೋಣ ಬಾ ಎಂದು ಒಪ್ಪಿಸಿ ಕರೆತಂದಿದ್ದಳು.

ಆಡಲು ಆಟ ಎಲ್ಲಿತ್ತು? ನೀರು ಸೋರುವ ಒಂದು ಬಣ್ಣದ ಚಿಂದಿ ನನ್ನ ಕೈಯಲ್ಲಿತ್ತು.

"ಅಜ್ಜೀ!" ಕಾವ್ಯಳ ದನಿ ಅಳುವಿಗೆ ಬಂದಿತ್ತು. "ನಾಳೆ ಏನು ತಗೊಂಡು ಹೋಗಲಿ?"

ನಾನು ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ಕವಡೆ, ಅರಿಶಿನ, ಸೋಪು, ದೃಷ್ಟಿ, ಒಂದನ್ನೂ ಮುಚ್ಚಿಡಲಿಲ್ಲ. ಕಾವ್ಯ ಗೋಡೆ ಕಡೆ ಮುಖ ತಿರುಗಿಸಿದಳು. ಶಾಹಿನಾ ಮಾತ್ರ ಬಟ್ಟೆಯನ್ನೇ ನೋಡುತ್ತಿದ್ದಳು.

"ಅಜ್ಜಿ, ಇನ್ನೊಂದ್ಸಲ ಮಾಡ್ರಿ."

"ಏನನ್ನವ್ವಾ?"

"ಅದೇ, ಸೋಪು ಹಾಕಿದ್ದು."

ಹಾಕಿದೆ. ಕೆಂಪು. ಅವಳೇ ನಿಂಬೆರಸ ಹನಿಸಿದಳು. ಹಳದಿ. ಹಾಗೇ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾಯಲ್ಲಿ ಏನೋ ಗುನುಗಿದಳು. "ಲೇ ಕಾವ್ಯ, ನಾನು ಮಲಗಿದ್ದಾಗ ಆಮ್ಲ ಪ್ರತ್ಯಾಮ್ಲ ಅಂತ ಒಂದು ಪಾಠ ಆಯ್ತಲ್ಲ, ಹುಳಿ ಯಾವುದು, ಕ್ಷಾರ ಯಾವುದು ಅಂತ ಬಣ್ಣ ನೋಡಿ ಹೇಳೋದು... ಅದು ಇದೇನಾ?"

ಕಾವ್ಯ ಗೋಡೆಯಿಂದ ತಿರುಗಿದಳು. "ಇದೇ ಕಣೇ! ಅರಿಶಿನ ಸೂಚಕ. ಸೋಪು ಪ್ರತ್ಯಾಮ್ಲ, ನಿಂಬೆ ಆಮ್ಲ!"

"ಇಷ್ಟೇನಾ? ಇದಕ್ಕಾ ನಾನು ಹೆದರಿದ್ದು?"

ನನಗೂ ಆಗ ತಲೆಗೆ ಹೋಯಿತು. ಆರತಿ ನೀರು! ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ನೀರು ಕೆಂಪಾಗುತ್ತದೆ. ಬಾಣಂತಿಗೆ, ಮದುಮಕ್ಕಳಿಗೆ ಎಂದು ಸಾವಿರ ಸಲ ಕಲಸಿದ್ದೇನೆ. ನಿಮ್ಮ ತಾತ ಹೋದ ಮೇಲೂ ಕಲಸಿಕೊಡುವವಳು ನಾನೇ, ಎತ್ತುವವರು ಬೇರೆ. ಐವತ್ತು ವರ್ಷ ಕೈಯಾರೆ ಮಾಡಿದ್ದನ್ನು ಬಚ್ಚಲಲ್ಲಿ ನೋಡಿ ದೃಷ್ಟಿ ಎಂದು ನಡುಗಿದ್ದೆ! ಗೌರಮ್ಮ ಉಳಿದ ನಿಂಬೆಹಣ್ಣು ಸೆರಗಿನಲ್ಲಿ ಮುಚ್ಚಿಕೊಂಡು, "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಸಂಜೆಯೊಳಗೆ ಹೊಸ ಆಟ ಹುಟ್ಟಿತು. ಹುಟ್ಟಿಸಿದವಳು ಶಾಹಿನಾ. ಬಟ್ಟೆ ಪೂರ್ತಿ ಅರಿಶಿನದಲ್ಲಿ ಅದ್ದಿ ಒಣಗಿಸಿದೆವು. ಮನೆಗಳನ್ನು ನಾನು ಕಪ್ಪು ದಾರದಲ್ಲಿ ಹೊಲಿದೆ. ಎರಡು ಪಂಗಡ, ಎರಡು ಬಟ್ಟಲು. ಸರಿ ಉತ್ತರ ಹೇಳಿದರೆ ಸೋಪಿನವರು ಒಂದು ಮನೆ ಕೆಂಪು ಮಾಡಬೇಕು, ನಿಂಬೆಯವರು ಒಂದು ಕೆಂಪು ಮನೆಯನ್ನು ಮತ್ತೆ ಹಳದಿ ಮಾಡಬೇಕು. ಗಟ್ಟಿಮನೆ ಇಲ್ಲ. "ಕವಡೆನೂ ಇಲ್ಲ" ಎಂದು ಕಾವ್ಯ ನನ್ನ ಕಡೆ ನೋಡುತ್ತ ಒತ್ತಿ ಹೇಳಿದಳು.

ಸೋಮವಾರ ಮೇಷ್ಟ್ರು ಕಥೆ ಕೇಳಿ, "ಬಟ್ಟೆ ಹಾಳು ಮಾಡಿದೋರನ್ನ ಕರ್ಕೊಂಡು ಬರ್ರಿ" ಎಂದು ಹೇಳಿ ಕಳಿಸಿದರು. ಬಯ್ಯಲಿಕ್ಕೆ ಎಂದೇ ತಿಳಿದು ಹೋದೆ. ನೋಡಿದರೆ ಕುರ್ಚಿ ಹಾಕಿದ್ದರು! ನಲವತ್ತು ಮಕ್ಕಳ ಎಂಬತ್ತು ಕಣ್ಣು. ಸೆರಗಿನಲ್ಲಿ ಮುಖ ಮುಚ್ಚಿ ಕೂತೆ. "ನಿಂಬೆ ಪಂಗಡಕ್ಕೆ ಒಬ್ಬರು ಕಡಿಮೆ ಅದಾರೆ, ನೀವೂ ಆಡ್ರಿ ತಾಯಿ" ಎಂದರು. ಕೈಗೆ ಅರ್ಧ ನಿಂಬೆಹಣ್ಣು ಬಂತು.

ಸೋಪಿನ ಪಂಗಡದ ಮುಂದೆ ಶಾಹಿನಾ ನಿಂತಿದ್ದಳು. ಮೊದಲ ಪ್ರಶ್ನೆಗೆ ತಡವರಿಸುತ್ತ ಉತ್ತರ ಹೇಳಿದಳು. ಎರಡನೆಯದಕ್ಕೆ ತಪ್ಪಿದಳು. ಕಾವ್ಯಳ ಮುಖ ನೋಡಲಾಗಲಿಲ್ಲ. ಮೂರನೆಯದು, ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಏನಾಗುತ್ತದೆ ಎಂದು. ಶಾಹಿನಾ ಬಟ್ಟೆ ಕಡೆ ಬೆರಳು ಮಾಡಿ, "ಒಂದರ ಜೋರನ್ನ ಇನ್ನೊಂದು ಇಳಿಸ್ತೈತೆ ಸರ್. ಅಳತೆ ಸರಿಯಾಗಿ ಸೇರಿದ್ರೆ ಎರಡೂ ತಣ್ಣಗಾಗ್ತಾವೆ. ಉಪ್ಪು, ನೀರು ಉಳೀತೈತೆ. ನಿನ್ನೆ ಅಜ್ಜಿ ನಾಲ್ಕು ಸಲ ಮಾಡಿದ್ರು" ಎಂದಳು. ಇಡೀ ಕ್ಲಾಸು ನಕ್ಕಿತು. ಅವಳೂ ನಕ್ಕಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಬಟ್ಟೆಯ ಮೇಲೆ ಕೆಂಪೋ ಕೆಂಪು!

ಗಂಟೆ ಹೊಡೆಯುವ ಮುಂಚೆ ಅವಳು ಮೇಷ್ಟ್ರ ಹತ್ತಿರ ಹೋಗಿ, "ಸರ್, ಪಟ್ಟಿಯಾಗೆ ನನ್ನ ಹೆಸರೂ ಬರ್ಕಳ್ರಿ" ಎಂದಳು.

ಆ ಮಾತು ಕೇಳಿದ ಖುಷಿಗೆ ನನ್ನ ಮುಷ್ಟಿ ತಾನಾಗಿ ಬಿಗಿಯಿತು. ಮುಷ್ಟಿಯಲ್ಲಿ ನಿಂಬೆಹಣ್ಣು ಇತ್ತು. ರಸ ನೇರವಾಗಿ ಎಡಗಣ್ಣಿಗೆ ಹಾರಿತು!

ಧಾರಾಕಾರ ನೀರು. "ನೋಡ್ರಪ್ಪ, ಅಜ್ಜಿ ಸಂತೋಷಕ್ಕೆ ಅಳ್ತಾ ಅದಾರೆ" ಎಂದರು ಮೇಷ್ಟ್ರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲ ಎನ್ನಲು ನನಗೆ ನಾಚಿಕೆ. ತಲೆಯಾಡಿಸಿದೆ. ಆದರೆ ಪಾಠ ಆಗ ತಾನೇ ಕಿವಿಯಾರೆ ಕೇಳಿದ್ದೆನಲ್ಲ, ಒಂದರ ಜೋರನ್ನು ಇನ್ನೊಂದು ಇಳಿಸುತ್ತದೆ! ಯಾರಿಗೂ ಕಾಣದ ಹಾಗೆ ಎದುರಿನ ಬಟ್ಟಲಲ್ಲಿ ಬೆರಳು ಅದ್ದಿ, ಸೋಪಿನ ನೀರನ್ನು ಕಣ್ಣಿಗೆ ಹಚ್ಚಿಕೊಂಡೆ.

ಪಾಠ ನನಗೆ ಪೂರ್ತಿ ಅರ್ಥವಾಗಿತ್ತು, ಮಕ್ಕಳೇ. ಕಣ್ಣಿಗೆ ಆಗಿರಲಿಲ್ಲ!