ಮಾವನ ಕುರ್ಚಿಗೆ ನೆಲ ಸಿಕ್ಕಿದ್ದು

ನಮ್ಮ ಸೋದರಮಾವ ಹುಟ್ಟಿದಂದಿನಿಂದ ಒಂದೂ ತಪ್ಪು ಮಾಡಿದವರಲ್ಲ. ನಂಬಿಕೆ ಇಲ್ಲದಿದ್ದರೆ ಅವರನ್ನೇ ಕೇಳಿ! ಒಮ್ಮೆ ಕನಕಪುರಕ್ಕೆಂದು ಹೊರಟವರು ಮಾಗಡಿ ಬಸ್ಸು ಹತ್ತಿಬಿಟ್ಟರು. ಇಳಿದ ಮೇಲೆ, "ಇಲ್ಲೂ ಒಸಿ ಕೆಲ್ಸ ಇತ್ತು" ಎಂದು ಅಲ್ಲೇ ಕ್ಷೌರ ಮಾಡಿಸಿಕೊಂಡು ಬಂದರು.

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಕೆಲಸ ಅವರದು. ತಲೆ ಬೆಳ್ಳಗಾದ ಮೇಲೆ ಮೊಬೈಲಿನ ವಿಡಿಯೊ ನೋಡಿ ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಬರೆಯಲು ಕಲಿತರು. ಕಲಿತದ್ದೇ ತಡ, ಲಟ್ಟಣಿಗೆಗೂ ಮೊದಲು ಮಾಡೆಲ್! ಆ ಲಟ್ಟಣಿಗೆ ಕೈಗೆ ಬರುವಷ್ಟರಲ್ಲಿ ಅತ್ತೆ ಅಂಗಡಿಯಿಂದ ತಂದದ್ದು ಸವೆದೇ ಹೋಗಿತ್ತು.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲವೂ ಹೋದವು. ಮಲಗಿ ಮಲಗಿ ಬೆನ್ನಲ್ಲಿ ಹುಣ್ಣಾಯಿತು. ಕೂರಿಸಿ ಎಂದರು ಡಾಕ್ಟರು. ಅತ್ತೆಯದು ಗಿಡ್ಡ ಮೈಕಟ್ಟು. ಅಂಗಡಿಯ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದೆ ಜಾರಿ ಬಿದ್ದು ಹಣೆ ಒಡೆದುಕೊಂಡರು. "ನಾನೇ ಮಾಡ್ತೀನಿ ಕುರ್ಚಿಯ" ಎಂದು ಮಾವ ಕಂಪ್ಯೂಟರಿನ ಮುಂದೆ ಕೂತರು.

ಅದು ಒಪ್ಪಬೇಕಲ್ಲ! ಪ್ರತಿ ಸಲವೂ ಅದೇ ಕೆಂಪು ಅಕ್ಷರ: ಸರ್ಕ್ಯುಲರ್ ಡಿಪೆಂಡೆನ್ಸಿ. "ಎಲ್ಲೈತ್ಲಾ ಸರ್ಕಲ್ಲು? ನಾನ್ ಬರ್ದಿರದೆಲ್ಲಾ ನೆಟ್ಟಗಿರೋ ಗೆರೆ!" ಎಂದು ಕಂಪ್ಯೂಟರಿನ ಜೊತೆಗೇ ಜಗಳ. ಆಫ್ ಮಾಡಿ ಆನ್ ಮಾಡಿದರು. ಕೆಂಗಲ್ ಆಂಜನೇಯನ ಸಿಂಧೂರ ತಂದು ಮಾನಿಟರಿನ ಹಣೆಗೆ ಹಚ್ಚಿದರು. ಕೊನೆಗೆ, ರಾಮನಗರದ ಫರ್ನಿಚರ್ ಅಂಗಡಿಯಲ್ಲಿ ಇಂಥದೇ ಮಾಡೆಲ್ ಬರೆಯುವ ನನಗೆ ಫೋನು: "ಸಾಫ್ಟ್‌ವೇರ್ ಕೆಟ್ಟೋಗೈತೆ, ಬಾ."

ಹೋದೆ.

"ಸೀಟಿನ ಎತ್ತರ ಎಷ್ಟು ಕೊಟ್ಟಿದ್ದೀರಾ ಮಾವ?"

"ಕುರ್ಚಿ ಕೈಗಿಂತ ಎಂಟಿಂಚು ಕಮ್ಮಿ."

"ಕೈ ಎತ್ತರ?"

"ಸೀಟ್ಗಿಂತ ಎಂಟಿಂಚು ಜಾಸ್ತಿ. ಸರಿಯಾಗೇ ಐತಲ್ಲ!"

"ನೆಲದಿಂದ ಎಷ್ಟು?"

ಮಾವ ಪರದೆಯ ಮೇಲೆ ನೆಲ ಹುಡುಕಿದರು.

"ಸೀಟು ಕೈನ ಕೇಳ್ತದೆ, ಕೈ ಸೀಟ್ನ ಕೇಳ್ತದೆ. ಎರಡಕ್ಕೂ ಗೊತ್ತಿಲ್ಲ. ಒಂದು ಅಳತೆಯಾದ್ರೂ ಹೊರಗಿಂದ ಬರ್ಬೇಕು ಮಾವ. ಸೀಟಿನ ಲೆಕ್ಕ ಅಳಿಸಿ ನಂಬರ್ ಹಾಕಣ. ಅತ್ತೆ ಮಂಡಿ ನೆಲದಿಂದ ಎಷ್ಟೆತ್ತರ?"

ಕಣ್ಣಳತೆಯಲ್ಲೇ ಬುಗುರಿ ಮಾಡುವ ಮನುಷ್ಯ! "ಇಷ್ಟ್ ವರ್ಸ ಸಂಸಾರ ಮಾಡಿವ್ನಿ," ಎಂದರು ಮೆಲ್ಲಗೆ, "ಅದೊಂದು ಗೊತ್ತಿಲ್ಲ ಕಣವ್ವ."

ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ನಾನು ಹಿಂದಿನಿಂದ ಹಿಡಿದುಕೊಂಡೆ. ಮಾವ ನೆಲದಲ್ಲಿ ಕೂತು, ಸ್ವಾಧೀನವಿಲ್ಲದ ಕಾಲನ್ನು ಎತ್ತಿ ಪಾದ ಊರಿಸಿದರು. ಇನ್ನೊಂದು ಕಾಲಿಗೆ ಟೇಪು ತಾಗಿದ್ದೇ ಅತ್ತೆಗೆ ಕಚಗುಳಿಯಾಯಿತು. ಬಾಯಿಯ ಒಂದೇ ತುದಿ ಮೇಲೆದ್ದಿತು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು.

"ಎಷ್ಟು ಬಂತು ಮಾವ?"

"ಮರ್ತೋಯ್ತು" ಎಂದು ಮತ್ತೆ ಅಳೆದರು.

ಆ ನಂಬರು ಹಾಕಿದ ಕೂಡಲೇ ಕೆಂಪು ಅಕ್ಷರ ಹೋಯಿತು, ಕುರ್ಚಿ ಪರದೆಯ ಮೇಲೆ ಎದ್ದು ನಿಂತಿತು. ಆಮೇಲೆ ಮರದಲ್ಲೂ ಆಯಿತು. ಅತ್ತೆ ಪಾದ ಊರಿಕೊಂಡು ಬಾಗಿಲ ಬಿಸಿಲಿಗೆ ಕೂತರು, ಆ ಒಂದು ಬೇಸಿಗೆ ಮಾತ್ರ. ಮಳೆ ಹಿಡಿಯುವ ಮೊದಲೇ ಹೋದರು.

ತಿಥಿ ಮುಗಿದ ಮೇಲೆ ಪಕ್ಕದ ಬೀದಿಯವನೊಬ್ಬ ತನ್ನ ತಾಯಿಗೆಂದು ಆ ಕುರ್ಚಿ ಕೇಳಿಕೊಂಡು ಬಂದ. "ಅದು ಅವ್ಳ ಕಾಲ್ಗೆ ಮಾಡಿದ್ದು ಕಣ್ಲಾ. ನಿಮ್ಮವ್ವಂಗೆ ಬ್ಯಾರೆ ಮಾಡ್ಕೊಡ್ತೀನಿ" ಎಂದು ಮಾವ ಟೇಪು ತೆಗೆದುಕೊಂಡು ಎದ್ದರು. "ನಡಿ, ಅಳ್ಕೊಂಡ್ ಬರಾಣ."

ಅಳೆಯುವುದಕ್ಕೂ ಅಳುವುದಕ್ಕೂ ನಮ್ಮ ಕಡೆ ಅದೊಂದೇ ಮಾತು. ಮಾವ ಹೋದದ್ದು ಅಳತೆಗೆ. ಬರುವಾಗ ಎರಡನ್ನೂ ಮುಗಿಸಿಕೊಂಡು ಬಂದರು.