ಏಳು ಜನರ ಸಿನಿಮಾ

ನಮ್ಮ ನಿರ್ದೇಶಕನಿಗೆ ಸಿನಿಮಾದ ಬಗ್ಗೆ ಏನೇನೂ ಗೊತ್ತಿಲ್ಲ! ಇದನ್ನು ಅವನ ಎದುರೇ ಎಷ್ಟೋ ಸಲ ಹೇಳಿದ್ದೇನೆ, ಅವನು ಬೇಸರಪಟ್ಟುಕೊಂಡದ್ದಿಲ್ಲ. ಅವನಿಗೆ ಬರುವುದು ಎರಡೇ ವಿದ್ಯೆ. ಒಂದು ಮಿಕ್ಸಿ ರಿಪೇರಿ. ದರ್ಬೆಯಲ್ಲಿ ಅದರದ್ದೇ ಅಂಗಡಿ ಇಟ್ಟಿದ್ದಾನೆ. ಇನ್ನೊಂದು ಕಬಡ್ಡಿ. ರಾಮಕುಂಜದಲ್ಲಿ ನಾವು ಹುಡುಗರಾಗಿದ್ದಾಗ ಕಟ್ಟಿದ ತಂಡಕ್ಕೆ ಅವನೇ ಕ್ಯಾಪ್ಟನ್. ತಂಡ ಮುಗಿದು ಯಾವ ಕಾಲವಾಯಿತೋ, ಇವನ ಕ್ಯಾಪ್ಟನ್‌ಗಿರಿ ಮಾತ್ರ ಮುಗಿದಿಲ್ಲ. ಈಗ ಅದೇ ಹಳೆಯ ತಂಡವನ್ನು ಹಿಡಿದುಕೊಂಡು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಾನೆ. ರಾಡು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನಾನು ಇದನ್ನು ಬರೆಯುತ್ತಿರುವುದಕ್ಕೂ ಅವನಿಗೂ ಸಂಬಂಧವಿದೆ. ಕಾಲು ಮುರಿದದ್ದು ಅವನಲ್ಲ, ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಅವನ ಚಿತ್ರದಲ್ಲಿ ಏಳು ಪಾತ್ರಗಳಿರಬೇಕು. ಆರಾದರೆ ಆಗದು, ಎಂಟಾದರೂ ಆಗದು. ಯಾಕೆಂದರೆ ಕಬಡ್ಡಿಗೆ ಏಳು ಜನ! ಒಮ್ಮೆ ಪ್ರೇಮಕಥೆ ತೆಗೆದೆವು. ಏಳು ಪಾತ್ರಗಳೂ ನಮಗೇ ಖರ್ಚಾದ್ದರಿಂದ ನಾಯಕಿಗೆ ಜಾಗವೇ ಉಳಿಯಲಿಲ್ಲ. ಕೊನೆಗೆ, ಕಡಬದ ಬಸ್‌ಸ್ಟ್ಯಾಂಡಿನಲ್ಲಿ ನಾಯಕ ಹುಡುಗಿಗಾಗಿ ಕಾಯುವುದು, ಅವಳು ಬಾರದಿರುವುದು, ಉಳಿದವರು ಅವನ ಜೊತೆ ಸುಮ್ಮನೆ ಬಸ್ಸು ಕಾಯುವುದು ಎಂದು ಕಥೆ ತಿದ್ದಿದ. ಚಿತ್ರ ನೋಡಿದ ನನ್ನ ಹೆಂಡತಿ, "ಹುಡುಗನಿಗಿಂತ ಬಸ್ಸು ಕಾಯುವವರೇ ಜಾಸ್ತಿ ಬೇಜಾರಲ್ಲಿ ಇರುವ ಹಾಗೆ ಕಾಣ್ತದಲ್ಲ" ಎಂದಳು. ಕ್ಯಾಪ್ಟನ್ ಅದನ್ನು ಹೊಗಳಿಕೆ ಎಂದೇ ತಿಳಿದ.

ಏಳನೆಯವನು ಅಶ್ರಫ್. ಅವನು ಕೆಲಸಕ್ಕೆಂದು ಗಲ್ಫಿಗೆ ಹೋಗಿ ಅಲ್ಲೇ ಇದ್ದಾನೆ. ಬೇರೆ ಯಾರಾದರೂ ನಿರ್ದೇಶಕರಾಗಿದ್ದರೆ ಇನ್ನೊಬ್ಬನನ್ನು ಹುಡುಕುತ್ತಿದ್ದರು. ನಮ್ಮವನು ಹಾಗೆಲ್ಲ ಬಿಡುವ ಜನವೇ? ಪ್ರತಿ ಕಥೆಯಲ್ಲೂ ಕಣ್ಣಿಗೆ ಕಾಣದ ಒಂದು ಪಾತ್ರ ಇಟ್ಟ. ಭೂತಬಂಗಲೆಯ ಕಥೆಯಲ್ಲಿ ಅಶ್ರಫ್ ದೆವ್ವದ ದನಿ, ರಾಜನ ಕಥೆಯಲ್ಲಿ ಅಶರೀರವಾಣಿ. ತನ್ನ ಕೋಣೆಯಲ್ಲಿ ಕೂತು, "ಎಲೈ ರಾಜನೇ, ನಿನ್ನ ಅಂತ್ಯ ಸಮೀಪಿಸಿತು" ಎಂದು ಗಂಭೀರವಾಗಿ ಹೇಳಿ ಕಳುಹಿಸಿದ. ಹಿಂದೆಯೇ ಕುಕ್ಕರ್ ಜೋರಾಗಿ ವಿಷಲ್ ಹಾಕಿತ್ತು! ತೆಗೆದುಬಿಡು ಎಂದು ನಾವೆಲ್ಲ ಗೋಗರೆದೆವು. ಕ್ಯಾಪ್ಟನ್ ಒಪ್ಪಲಿಲ್ಲ.

"ಆಕಾಶದಲ್ಲಿ ಇರುವವರಿಗೆ ಹಸಿವಾಗುದಿಲ್ವ ಎಂತ?" ಎಂದ.

ಇನ್ನು ಅವನು ಶಾಟ್ ಮುಗಿಸುವ ರೀತಿ. ಎಲ್ಲರೂ "ಕಟ್" ಅನ್ನುವಲ್ಲಿ ಇವನು "ಔಟ್" ಎಂದು ಕೂಗುತ್ತಾನೆ. ಸಾಯುವ ದೃಶ್ಯದಲ್ಲಿ ನಾನು ಕಣ್ಣು ಮುಚ್ಚುವ ಮೊದಲೇ "ಔಟ್" ಎಂದು ಕೇಳಿಸಿ ನಕ್ಕುಬಿಟ್ಟಿದ್ದೇನೆ.

ಔಟ್ ಎಂಬುದು ನನಗೆ ಹೊಸ ಶಬ್ದವೇನಲ್ಲ. ತಂಡದಲ್ಲಿ ಮೊದಲು ಔಟಾಗುತ್ತಿದ್ದವನು ನಾನೇ. ಎದುರಾಳಿಗಳ ಅಂಗಳಕ್ಕೆ ಕಾಲಿಟ್ಟು ಎರಡು ಸಲ "ಕಬಡ್ಡಿ" ಅನ್ನುವಷ್ಟರಲ್ಲಿ ಯಾರಾದರೂ ನನ್ನ ಮೇಲೆ ಬಿದ್ದಿರುತ್ತಿದ್ದರು. ಮತ್ತೆ ಗದ್ದೆಯ ಬದುವಿನ ಮೇಲೆ, ನೀರಿನ ಕೊಡಪಾನದ ಪಕ್ಕ ನನ್ನ ವಾಸ. ನಮ್ಮವರು ಒಬ್ಬ ಎದುರಾಳಿಯನ್ನು ಔಟ್ ಮಾಡಿದರೆ ಹೊರಗಿದ್ದ ನಮ್ಮವನೊಬ್ಬ ಒಳಗೆ ಬರಬಹುದು, ಅದು ಆಟದ ನಿಯಮ. ಕ್ಯಾಪ್ಟನ್‌ಗೆ ಹುಚ್ಚು ಹಿಡಿಯುತ್ತಿದ್ದದ್ದು ಅಲ್ಲೇ. ಬದುವಿನ ಮೇಲೆ ಯಾರಾದರೂ ಕೂತಿದ್ದರೆ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನುಗ್ಗಿ, ಯಾರನ್ನಾದರೂ ಮುಟ್ಟಿ, ಏದುಸಿರು ಬಿಡುತ್ತ ಓಡಿಬಂದು ನನ್ನತ್ತ ಕೈಬೀಸುತ್ತಿದ್ದ. "ಬಾ, ಒಳಗೆ ಬಾ."

ಸುಳ್ಯದ ಒಂದು ಪಂದ್ಯದಲ್ಲಿ ನಾವು ಮುಂದಿದ್ದೆವು. ಗೆಲ್ಲುವುದು ನಮಗೆ ಅಪರೂಪ! ಇನ್ನೇನು ಮುಗಿಯಬೇಕು, ಅವನು ಸುಮ್ಮನೆ ಗೆರೆ ದಾಟಿ ಹಿಂದೆ ಬಂದಿದ್ದರೆ ಸಾಕಿತ್ತು. ಆದರೆ ನಾನು ಹೊರಗೆ ಕೂತಿದ್ದೆನಲ್ಲ! ಮೂಲೆಯವರೆಗೆ ನುಗ್ಗಿ ಸಿಕ್ಕಿಬಿದ್ದ. ಆಮೇಲೆ ನಮ್ಮವರೆಲ್ಲ ಸಾಲಾಗಿ ಔಟಾಗಿ ಆಟ ಸೋತೆವು. ಬಸ್ಸಿನಲ್ಲಿ ಬರುವಾಗ ಎಲ್ಲರೂ ಅವನಿಗೆ ಬೈದರು. ಯಾಕೆ ನುಗ್ಗಿದ್ದೆಂದು ನಾನೂ ಕೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕಡಲೆ ತಿನ್ನುತ್ತಿದ್ದ.

ಈ ವರ್ಷ ಕೋಡಿಂಬಾಳದ ತಿರುವಿನಲ್ಲಿ ನನ್ನ ಸ್ಕೂಟರ್ ಜಾರಿತು. ಆಪರೇಷನ್ ಆಯಿತು. ನಡೆಯಬಹುದು, ಪ್ರಯತ್ನ ಮಾಡಬೇಕು ಎಂದರು ಡಾಕ್ಟರು. ನನಗೆ ಮಾತ್ರ ಎಲ್ಲ ಮುಗಿಯಿತು ಅನ್ನಿಸಿಬಿಟ್ಟಿತು. ವಾಕರನ್ನು ಮುಟ್ಟಲಿಲ್ಲ. ಯಾರಾದರೂ ನೋಡಲು ಬಂದರೆ ನಿದ್ದೆ ಬಂದಿದೆ ಎಂದು ಹೆಂಡತಿಯಿಂದ ಹೇಳಿಸಿದೆ. ಗೆಳೆಯರ ವಾಟ್ಸ್ಯಾಪ್ ಗುಂಪಿನಿಂದಲೂ ಹೊರಬಿದ್ದೆ.

ಒಂದು ಭಾನುವಾರ ಇಡೀ ತಂಡ ನೇರ ನನ್ನ ಕೋಣೆಗೇ ನುಗ್ಗಿತು. ಸಮಾಧಾನ ಗಿಮಾಧಾನ ಒಂದೂ ಇಲ್ಲ! ಮಾತ್ರೆ ಡಬ್ಬಕ್ಕೆ ಒರಗಿಸಿದ ಮೊಬೈಲಿನಲ್ಲಿ ಅಶ್ರಫ್ ಹಲ್ಲು ಬಿಡುತ್ತಿದ್ದ. ಹೊಸ ಸಿನಿಮಾ, ಹೀರೋ ಮಲಗಿಕೊಂಡೇ ಇರುವವನು, ನಿನಗೆ ನಟಿಸುವ ಕೆಲಸವೇ ಇಲ್ಲ ಎಂದು ಕ್ಯಾಪ್ಟನ್ ಘೋಷಿಸಿದ. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಔಷಧಿ ಹೇಳುವ ದೃಶ್ಯ ತೆಗೆದೆವು. ಹೀರೋಗೆ ಎಣ್ಣೆ, ಕಷಾಯ, ಮಂತ್ರದ ನೂಲು ಎಲ್ಲ ಒಟ್ಟಿಗೆ ಸಿಕ್ಕವು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮುಂದಿನ ಭಾನುವಾರ ಹೀರೋ ಎದ್ದು ಕೂರಬೇಕಿತ್ತು. ಆಗುವುದಿಲ್ಲ ಎಂದೆ. "ಆಗದಿದ್ರೆ ಇನ್ನೊಂದು ಟೇಕ್ ಉಂಟಲ್ಲ ಮಾರಾಯ" ಎಂದ ಕ್ಯಾಪ್ಟನ್, ಅಷ್ಟೇ. ಅದರ ಮುಂದಿನ ವಾರ ಕ್ಯಾಮರಾ ಕೋಣೆಯ ಬಾಗಿಲಲ್ಲಿತ್ತು. ಆಮೇಲೆ ಜಗಲಿಯಲ್ಲಿ. ವಾರ ವಾರ ಆ ಹಾಳು ಮೊಬೈಲು ನನ್ನಿಂದ ದೂರ ಹೋಗುತ್ತಿತ್ತು, ನಾನು ವಾಕರ್ ಹಿಡಿದು ಬೈಯುತ್ತ ಅದರ ಹಿಂದೆ ಹೋಗುತ್ತಿದ್ದೆ. ಅವನ ಉಪಾಯ ಅರ್ಥವಾಗದಷ್ಟು ದಡ್ಡ ನಾನಲ್ಲ. ಆದರೂ ಹೋದೆ.

ಮೊನ್ನೆ ಕೊನೆಯ ಶಾಟ್. ಅಂಗಳದ ಆ ತುದಿಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು, ಒಬ್ಬನ ಕೈಯಲ್ಲಿ ಅಶ್ರಫ್ ಇದ್ದ ಫೋನು. ಜಗಲಿಯ ಮೆಟ್ಟಿಲು ಇಳಿದೆ. ಅರ್ಧ ಅಂಗಳ ದಾಟಿದೆ, ಪೂರ್ತಿ ದಾಟಿದೆ. ಶಾಟ್ ಮುಗಿಯಿತು, "ಔಟ್" ಎಂಬ ಕೂಗಿಗೆ ಕಾದೆ. ಅವನು ಕೂಗಲಿಲ್ಲ. ಮೊಬೈಲು ಕೆಳಗಿಳಿಸಿ, ತಾನೇ ಓಡಿಬಂದವನಂತೆ ಏದುಸಿರು ಬಿಡುತ್ತ, ಕೈಬೀಸಿದ.

"ಬಾ, ಒಳಗೆ ಬಾ."

ಮನೆಯಿಂದ ಹೊರಗೆ ಬಂದವನನ್ನು ಒಳಗೆ ಕರೆಯುತ್ತಾರಲ್ಲ ಎಂದು ಜಗಲಿಯಲ್ಲಿದ್ದ ನನ್ನ ಹೆಂಡತಿ ನಕ್ಕಳು. ನಾವು ಯಾರೂ ನಗಲಿಲ್ಲ. ಹುಡುಗರು ಸರಿದು, ಸಾಲಿನ ನಡುವೆ ನನಗೆ ಜಾಗ ಬಿಟ್ಟರು.