ಗಾಳದ ರಾಟೆಗೆ ಕೀಲೆಣ್ಣೆ

ನಾನು ಸಿಟ್ಟಿನ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬಂದರೂ ಬರಬಹುದು. ಬೇಕಾದರೆ ನಂಜನಗೂಡಿನ ನಮ್ಮ ಬೀದಿಯಲ್ಲಿ ವಿಚಾರಿಸಿ. ಎದುರುಮನೆಯವರನ್ನು ಮಾತ್ರ ಕೇಳಬೇಡಿ, ಅವರ ಎಮ್ಮೆ ನಮ್ಮ ಜಗಲಿ ಹತ್ತಿದ ದಿನದಿಂದ ಅವರಿಗೂ ನನಗೂ ಮಾತಿಲ್ಲ. ಕಚೇರಿಯಲ್ಲಿ ವಿಚಾರಿಸುವುದಾದರೆ ಜವಾನನನ್ನು ಬಿಟ್ಟು ಉಳಿದವರನ್ನು ಕೇಳಿ. ನನ್ನ ಲೆಕ್ಕದಲ್ಲಿ ಸಿಟ್ಟು ಬರಿಸುವವರಲ್ಲಿ ಎರಡು ಜಾತಿ. ಕೆಟ್ಟದ್ದು ಮಾಡುವವರು ಒಂದು ಜಾತಿ. ಅವರನ್ನು ಬಾಯಿತುಂಬ ಬೈದು ಮನೆಗೆ ಬಂದು ಊಟ ಮಾಡಬಹುದು. ಕೇಳದೆಯೇ ಒಳ್ಳೆಯದು ಮಾಡುವವರು ಇನ್ನೊಂದು ಜಾತಿ. ಅವರನ್ನು ಬೈದರೆ ಬೈದವನೇ ಪಾಪಿಯಾಗುತ್ತಾನೆ. ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿ ಈ ಎರಡನೆಯ ಜಾತಿಗೆ ಸೇರಿದವನು. ಅವನ ಹೆಸರು ಬರೆಯುವಾಗಲೇ ನನ್ನ ಲೇಖನಿಯ ಮುಳ್ಳು ಕಾಗದಕ್ಕೆ ನಾಟಿಕೊಳ್ಳುತ್ತಿದೆ.

ನಾನು ಮರಾಮತ್ತು ಇಲಾಖೆಯಲ್ಲಿ ಓವರ್ಸಿಯರು. ಹುಟ್ಟಿದ್ದು ಹೆಡತಲೆ ಎಂಬ ಹಳ್ಳಿಯ ಬೇಸಾಯದ ಮನೆಯಲ್ಲಿ, ಅನ್ನ ತಿನ್ನುತ್ತಿರುವುದು ನಾಲೆಯ ಏರಿ ಅಳೆದು. ಹುಲ್ಲಹಳ್ಳಿಯ ನಾಲೆಯ ಕೆಲಸಕ್ಕೆ ಒಬ್ಬ ಇಂಜಿನಿಯರ್ ದೊರೆ ಬಂದಿದ್ದ. ಕೆಲಸ ಮುಗಿದ ಸಂಜೆಗಳಲ್ಲಿ ಕಪಿಲೆಯ ದಡದಲ್ಲಿ ನಿಂತು ಗಾಳ ಎಸೆಯುವುದು ಅವನ ಹುಚ್ಚು. ತನ್ನ ಸೀಮೆಗೆ ಹಿಂತಿರುಗುವಾಗ ಶಿರಸ್ತೇದಾರರಿಗೆ ತನ್ನ ಕೈಕುರ್ಚಿ ಕೊಟ್ಟ, ನನಗೆ ತನ್ನ ಗಾಳದ ಕೋಲನ್ನೂ ಅದರ ರಾಟೆಯನ್ನೂ ಕೊಟ್ಟ. ಶಿರಸ್ತೇದಾರರು ಇವತ್ತಿಗೂ ಆ ಕುರ್ಚಿಯಲ್ಲಿ ಕಾಲು ಚಾಚಿ ಮಲಗುತ್ತಾರೆ. ಕುರ್ಚಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಪುಣ್ಯವಂತರು.

ಆ ರಾಟೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟಿನ ನ್ಯಾಯ ನಿಮಗೆ ತಿಳಿಯುವುದಿಲ್ಲ. ಅದು ಕರಿಮರದ ಒಂದು ಗಾಲಿ, ಹಿತ್ತಾಳೆಯ ಕಟ್ಟು, ಅದರ ತುಂಬ ರೇಷ್ಮೆ ದಾರ. ದಾರದ ತುದಿಗೆ ಚಮಚದ ಆಕಾರದ ಹಿತ್ತಾಳೆ ತಗಡು, ಅದಕ್ಕೆ ಗಾಳದ ಮುಳ್ಳು. ಕೋಲು ಬೀಸಿದರೆ ತಗಡು ಹಾರಿಹೋಗುತ್ತದೆ, ದಾರ ಎಳೆದುಕೊಳ್ಳುತ್ತದೆ, ರಾಟೆ ಗಿರ್ರನೆ ತಿರುಗುತ್ತದೆ. ಇಲ್ಲಿಯವರೆಗೆ ಚೆಂದ. ಆದರೆ ತಗಡು ನೀರಿಗೆ ಬಿದ್ದು ಸುಮ್ಮನಾದ ಮೇಲೂ ರಾಟೆಗೆ ಆ ಸುದ್ದಿ ತಲುಪಿರುವುದಿಲ್ಲ. ಅದು ತನ್ನ ಪಾಡಿಗೆ ತಿರುಗಿ ದಾರ ಬಿಡುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ದಾರ ಗಾಲಿಯ ಮೇಲೇ ಉಬ್ಬಿ, ಸುತ್ತಿ, ಒಂದರೊಳಗೊಂದು ನುಸುಳಿ ಗಂಟಾಗುತ್ತದೆ. ಇದಕ್ಕೆ ದೊರೆಗಳು ಕಂಡುಕೊಂಡ ಉಪಾಯವೇ ಬಿರಿ. ಇಳಿಜಾರಿನಲ್ಲಿ ಗಾಡಿ ಎತ್ತುಗಳ ಮೇಲೆ ನುಗ್ಗದ ಹಾಗೆ ಚಕ್ರಕ್ಕೆ ಬಿರಿ ಹಾಕುತ್ತೇವಲ್ಲ, ಅದೇ. ರಾಟೆಯ ಪಕ್ಕದಲ್ಲಿ ಒಂದು ತಿರುಪು. ತಿರುಗಿಸಿದರೆ ಒಳಗಿನ ತೊಗಲಿನ ತುಂಡು ಗಾಲಿಗೆ ಒತ್ತಿಕೊಳ್ಳುತ್ತದೆ. ಎಷ್ಟು ಬಿಗಿ ಬೇಕೆನ್ನುವುದು ತಗಡಿನ ತೂಕಕ್ಕೂ ಗಾಳಿಗೂ ತಕ್ಕಂತೆ. ಕೋಲು ಎತ್ತಿ ಹಿಡಿದು ತಗಡನ್ನು ಇಳಿಬಿಡಬೇಕು. ಅದು ಮನೆಯ ಹಿರಿಯ ಸೊಸೆಯ ಹಾಗೆ ನಿಧಾನವಾಗಿ ಇಳಿದು ಬಂದು ನೆಲ ಮುಟ್ಟಿದೊಡನೆ ರಾಟೆ ನಿಲ್ಲಬೇಕು. ಹಾಗೆ ನಿಂತರೆ ಬಿರಿ ಸರಿಯಾಗಿದೆ ಎಂದು ಅರ್ಥ. ಇಷ್ಟಾದ ಮೇಲೂ ಎಸೆಯುವಾಗ ಹೆಬ್ಬೆರಳನ್ನು ಗಾಲಿಯ ಅಂಚಿಗೆ ಸವರಿಕೊಂಡೇ ಇರಬೇಕು. ಬಿರಿ ಹಿಡಿದಿರುವಾಗ ತೊಗಲು ಮರಕ್ಕೆ ಉಜ್ಜಿ ಕಿರ್ರ್ ಎನ್ನುತ್ತದೆ. ಆ ಕಿರ್ರ್ ನೆನಪಿಟ್ಟುಕೊಳ್ಳಿ. ನನ್ನ ಮಾನವೆಲ್ಲ ಆ ಕಿರ್ರ್‌ನಲ್ಲಿತ್ತು.

ಇನ್ನು ನನ್ನ ಮಾವನವರು. ತಿರುಮಕೂಡಲು ನರಸೀಪುರದಲ್ಲಿ, ಕಾವೇರಿಗೆ ಕಪಿಲೆ ಸೇರುವ ಕಡೆಯಿಂದ ಸ್ವಲ್ಪ ಕೆಳಗೆ ಅವರ ಗದ್ದೆ, ಮನೆ. ದೊಡ್ಡೇಗೌಡರೆಂದರೆ ಆಳುಕಾಳುಗಳಿರಲಿ, ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ಅವರು ಈ ದಡದಲ್ಲಿ ಬೈದರೆ ಆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಬಗ್ಗಿಸಿಕೊಳ್ಳುತ್ತಿದ್ದರು ಎಂದು ಜನ ಹೇಳುತ್ತಾರೆ, ನಾನು ನಂಬುತ್ತೇನೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವರ ಎಲೆಯಡಿಕೆ ಚೀಲ ಜಗಲಿಯ ಬಿಸಿಲಲ್ಲಿ ಬಿದ್ದಿದೆಯೆಂದು ನೆರಳಿಗೆ ಎತ್ತಿಟ್ಟೆ. ಒಳ್ಳೆಯದನ್ನೇ ಮಾಡಿದ್ದು, ನೋಡಿ. ಅವರು ಹೊರಗೆ ಬಂದು ಚೀಲ ಕಾಣದೆ ಮನೆ ಹಾರಿಹೋಗುವ ಹಾಗೆ ಕೂಗಿದರು: "ಕೈ ಸುಮ್ಕಿರಕ್ಕಾಗ್ದಿದ್ರೆ ಓಗಿ ಕಂಬ ತಬ್ಕೊ! ನನ್ ಸಾಮಾನ್ ಮುಟ್‌ಬ್ಯಾಡ!" ಹೊಸ ಅಳಿಯ ಎಂಬ ದಾಕ್ಷಿಣ್ಯವೂ ಇಲ್ಲ. ನನ್ನ ಹೆಂಡತಿ ನಿಂಗಮ್ಮ ಬಾಗಿಲ ಹಿಂದೆ ನಿಂತು ನಗುತ್ತಿದ್ದಳು. ಮನುಷ್ಯ ಏನೇ ಆಗಲಿ, ಇಂಥವನಾಗಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಆಗಿಲ್ಲ ಎಂಬುದು ನನ್ನ ನಂಬಿಕೆ.

ಅವರು ತೀರಿಕೊಂಡ ಮೇಲೆ ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ನಾವು ನರಸೀಪುರಕ್ಕೆ ಹೋಗುತ್ತೇವೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಬೇಯಿಸಿ ಎಲೆಯ ಮೇಲೆ ಎಡೆ ಇಡಬೇಕು, ಧೂಪ ಹಾಕಬೇಕು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಉಸಿರು ಬಿಗಿಹಿಡಿದು ಕೂರಬೇಕು. ಹಿರಿಯರು ಬಂದು ಉಂಡುಹೋದರು ಎಂದು ಮನೆಯ ಯಜಮಾನಿಗೆ ಮನವರಿಕೆಯಾದ ಮೇಲೆಯೇ ಬಾಗಿಲು ತೆಗೆಯುವುದು, ನಾವು ಉಣ್ಣುವುದು. ಮಾವನವರಿಗೆ ಪ್ರಾಣ ಎಂದರೆ ಹೊಳೆಯ ಬಿಳಿಮೀನಿನ ಸಾರು. ಅದು ಇಲ್ಲದೆ ಅವರ ಎಡೆ ಎಂದೂ ಆಗಿರಲಿಲ್ಲ. ಬೆಸ್ತರಿಗೆ ಮುಂಚೆಯೇ ಹೇಳಿಟ್ಟರೆ ಹಬ್ಬದ ಹಿಂದಿನ ದಿನ ತಂದುಕೊಡುತ್ತಿದ್ದರು.

ಆ ವರ್ಷ ಗೌರಿಹಬ್ಬಕ್ಕೆ ಬಾಗಿನ ಕೊಡಲು ಪುಟ್ಟಸ್ವಾಮಿ ನಮ್ಮ ಮನೆಗೆ ಬಂದಾಗ ಹಿತ್ತಿಲಲ್ಲಿ ನಾನು ರಾಟೆಯ ಸಾಧನೆ ನಡೆಸಿದ್ದೆ. ತಗಡು ಹೋಗಿ ನಿಂಬೆಗಿಡದ ಬುಡದಲ್ಲಿ ಬಿತ್ತು. ಒಂದು ಗಂಟಿಲ್ಲ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಅವನು ಹಾಗೆ ನೋಡಬಾರದಿತ್ತು. "ಈ ಸಲ ಬೆಸ್ತರಿಗೆ ಹೇಳಬೇಡ, ನಿಮ್ಮಪ್ಪನ ಎಡೆಗೆ ಮೀನು ನಾನು ಹಿಡಿದುಕೊಡುತ್ತೇನೆ" ಎಂದುಬಿಟ್ಟೆ. ನಿಂಗಮ್ಮ ಒಳಗಿನಿಂದ, "ಸುಮ್ಕಿರಬಾರ್ದಾ ನೀವು? ನಿಂಬೆಗಿಡದಲ್ಲಿ ಮೀನಿದ್ದವಾ?" ಎಂದಳು. ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎಂದುಕೊಂಡು ನಾನು ದಾರ ಸುತ್ತತೊಡಗಿದೆ.

ಅಮಾವಾಸ್ಯೆಯ ಹಿಂದಿನ ದಿನ ಗಾಡಿ ಕಟ್ಟಿಸಿಕೊಂಡು ನರಸೀಪುರ ಸೇರಿದೆವು. ಸಂಜೆ ಅಂಗಳದಲ್ಲಿ ತಗಡು ಇಳಿಬಿಟ್ಟು ತಿರುಪು ಹೊಂದಿಸಿದೆ. ಕಿರ್ರ್ ಎಂದು ಇಳಿಯಿತು, ನೆಲ ಮುಟ್ಟಿತು, ರಾಟೆ ನಿಂತಿತು. ಮತ್ತೆ ಮತ್ತೆ ಮಾಡಿದೆ. ನಾದಿನಿಯರು ನೋಡಲಿ ಎಂದೂ ಇತ್ತು ಎನ್ನಿ. ಇನ್ನು ಇದನ್ನು ಯಾರೂ ಮುಟ್ಟಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡು ಗೋಡೆಗೆ ಒರಗಿಸಿಟ್ಟೆ. ಬಾಯಿ ಬಿಟ್ಟು ಹೇಳಿದ್ದರೆ ಮಾವನವರ ಹಾಗೆ ಕೇಳಿಸೀತೆಂದು ಹೇಳಲಿಲ್ಲ.

ಬೆಳಿಗ್ಗೆ ಹೊಳೆಗೆ ಹೊರಟಾಗ ಪುಟ್ಟಸ್ವಾಮಿ ತಾನೇ ಕೋಲು ಹೊತ್ತು ಮುಂದೆ ನಡೆದ. ಸಂಗಮದ ಸೋಪಾನದ ಹತ್ತಿರ ತರ್ಪಣ ಬಿಡುವವರ ಗುಂಪು. ಅಲ್ಲಿ ಗಾಳ ಎಸೆಯುವುದು ಮರ್ಯಾದೆಯಲ್ಲ ಎಂದು ಕೆಳಗಡೆ ಬಂಡೆಗಳಿರುವ ಜಾಗಕ್ಕೆ ಹೋದೆವು. ತರ್ಪಣ ಮುಗಿಸಿದವರಲ್ಲಿ ಕೆಲವರು ಒದ್ದೆ ಪಂಚೆ ಹಿಂಡಿಕೊಂಡು ನಮ್ಮ ಹಿಂದೆಯೇ ಬಂದರು. ನಮ್ಮ ಸೀಮೆಯಲ್ಲಿ ಒಬ್ಬ ನೀರಿನ ಕಡೆ ನೋಡುತ್ತ ನಿಂತರೆ ಸಾಕು, ನಾಲ್ಕು ಜನ ಅವನನ್ನು ನೋಡುತ್ತ ನಿಲ್ಲುತ್ತಾರೆ. ನಾನು ಕಾಲೂರಿ, ಉಸಿರೆಳೆದು, ದೊರೆಯ ಹಾಗೆಯೇ ಕೋಲು ಬೀಸಿದೆ.

ಸದ್ದೇ ಇಲ್ಲ. ಹೆಬ್ಬೆರಳು ಅಂಚಿಗೆ ತಗುಲಿ ಬೆಣ್ಣೆಯ ಮೇಲೆ ಇಟ್ಟಂತೆ ಜಾರಿತು. ತಗಡು ನೀರಿಗೆ ಬಿದ್ದದ್ದೇ ತಡ, ರಾಟೆಯ ಮೇಲೆ ದಾರ ಭುಸ್ಸನೆ ಎದ್ದಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ನನ್ನ ಕೈಯಲ್ಲಿ ರಾಟೆ ಇರಲಿಲ್ಲ, ಪಾತ್ರೆ ತಿಕ್ಕುವ ಹೀರೇಕಾಯಿ ನಾರಿನ ಒಂದು ಗುಡ್ಡೆ ಇತ್ತು. ಬೆರಳು ನೋಡಿಕೊಂಡೆ. ಕಪ್ಪಗೆ, ಜಿಡ್ಡು. ಮೂಗಿಗೆ ಹಿಡಿದರೆ ಗಾಡಿಯ ಅಚ್ಚಿನ ವಾಸನೆ.

"ಪುಟ್ಟಸ್ವಾಮಿ" ಎಂದೆ. ಮೆಲ್ಲಗೇ ಅಂದೆ.

"ಅದಾ ಭಾವ? ನೆನ್ನೆ ಸಂಜೆ ಕಿರ್ರ್ ಅಂತಿತ್ತಲ್ಲ, ನಂಗೆ ಒಟ್ಟೆ ಉರ್ದೋಯ್ತು. ಅಳಿಯಂದ್ರು ಇಂಗೆ ಕಿರುಗುಟ್ಟೋ ಗಾಲಿ ಇಡ್ಕೊಂಡು ನಾಕು ಜನದ ಮುಂದೆ ನಿಂತ್ಕಂಡ್ರೆ ನಮ್ ಮನೆ ಮರ್ವಾದೆ ಏನಾಯ್ತದೆ? ಗಾಡಿ ಅಡೀಲಿ ಗೊಟ್ಟ ತೂಗಾಕಿತ್ತು. ನೀವು ಮಕ ತೊಳ್ಯಕ್ಕೆ ಓದಾಗ ವಸಿ ಕೀಲೆಣ್ಣೆ ಬುಟ್ಟೆ. ತೊಗಲು ಒಣಗಿತ್ತು ಪಾಪ, ಚೆನ್ನಾಗಿ ಕುಡೀತು."

ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಇದರ ಹಿಂದಿನ ನ್ಯಾಯ ಬಿಡಿಸಿ ಹೇಳಬೇಕಾಗಿಲ್ಲ. ಕಿರುಗುಟ್ಟುವ ಗಾಡಿ ಬೀದಿಯಲ್ಲಿ ಹೋದರೆ ಗಾಡಿಯನ್ನು ಯಾರೂ ಅನ್ನುವುದಿಲ್ಲ, ಗಾಡಿಯವನ ಮನೆತನವನ್ನು ಆಡಿಕೊಳ್ಳುತ್ತಾರೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ಕಟ್ಟಿಕೊಂಡೇ ನಾವು ಲೋಕಸಂಚಾರ ಮಾಡುವ ಜನ. ಸದ್ದು ಮಾಡುವ ಗಾಲಿ ಕಂಡರೆ ಕೈ ತಾನಾಗಿ ಗೊಟ್ಟದ ಕಡೆ ಹೋಗುತ್ತದೆ. ಆದರೆ ಬಿರಿಯ ತೊಗಲಿಗೆ ಎಣ್ಣೆ ಕುಡಿಸುವುದೆಂದರೆ ಕಾವಲು ನಾಯಿಗೆ ನಿದ್ದೆಗುಳಿಗೆ ತಿನ್ನಿಸಿದ ಹಾಗಲ್ಲವೇ? ಅವನಿಗೆ ಇದನ್ನು ಹೇಳಿದೆ. ಹಲ್ಲು ಕಚ್ಚಿಕೊಂಡು ಹೇಳಿದೆ. ಅವನು, "ಅಂಗಾರೆ ಸದ್ದು ಬರೋದೇ ವಳ್ಳೇದಾ ಭಾವ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟ.

ಗಂಟು ಬಿಡಿಸಲು ಕೂತೆ. ಒದ್ದೆ ಪಂಚೆಯವರೆಲ್ಲ ಸುತ್ತ ಕೂತರು. ಒಬ್ಬರು ಒಂದು ಎಳೆ ಎಳೆದರು, ಇನ್ನೊಬ್ಬರು, "ಅದಲ್ಲ ಸ್ವಾಮಿ, ಇದು" ಎಂದು ಇನ್ನೊಂದು ಎಳೆದರು. ಗಂಟಿನ ವಿಷಯದಲ್ಲಿ ಎಳೆಯುವುದಕ್ಕಿಂತ ದೊಡ್ಡ ದ್ರೋಹವಿಲ್ಲ; ಸಡಿಲಿಸಬೇಕು, ಸಡಿಲಿಸಬೇಕು, ಸಡಿಲಿಸಬೇಕು. ಇದನ್ನು ಬೀಗರ ಮನೆಗಳಲ್ಲಿ ಗೋಡೆಯ ಮೇಲೆ ಬರೆಸಬೇಕು. ಹೇಗೋ ಬಿಡಿಸಿ, ಮರಳು ಹಾಕಿ ಗಾಲಿ ಉಜ್ಜಿ, ತಿರುಪನ್ನು ಬಿಗಿ ಮಾಡಿ ಎಸೆದೆ. ಜಿಡ್ಡಿನ ತೊಗಲು ಜಾರಿತು, ಮತ್ತೆ ಗುಡ್ಡೆ. ಕೊನೆಯವರೆಗೆ ಬಿಗಿದು ಎಸೆದೆ. ರಾಟೆ ಕದಲಲೇ ಇಲ್ಲ, ತಗಡು ನನ್ನ ಕಾಲ ಬಳಿಯೇ ಬಿದ್ದು ಒಬ್ಬರ ಪಂಚೆ ಕಚ್ಚಿಕೊಂಡಿತು. ಚೂರು ಸಡಿಲ ಮಾಡಿದೆ, ಪುನಃ ಗುಡ್ಡೆ. ಆ ಹೊತ್ತಿಗೆ ಒಂದು ಬಿಳಿಮೀನು ಬಂಡೆಯ ಪಕ್ಕದಲ್ಲಿ ಹೊರಳಿ ಬೆನ್ನು ತೋರಿಸಿ ಹೋಯಿತು. "ಭಾವ, ಮೀನು!" ಎಂದ ಪುಟ್ಟಸ್ವಾಮಿ. ನನಗೆ ಕಣ್ಣಿಲ್ಲವೇ?

ಹೊತ್ತು ಇಳಿಯಿತು. ಬೆಸ್ತರ ಕೇರಿಗೆ ಓಡಿದೆವು. ಅವರ ಮನೆಗಳಲ್ಲೂ ಹಿರಿಯರಿಗೆ ಎಡೆ. ಬಲೆಗಳೆಲ್ಲ ಗೋಡೆಯ ಮೇಲೆ ಒಣಗುತ್ತಿದ್ದವು, ಹಿಂದಿನ ದಿನದ ಮೀನು ಹಿಂದಿನ ದಿನವೇ ಹೇಳಿಟ್ಟವರ ಮನೆ ಸೇರಿತ್ತು. ಬರಿಗೈಯಲ್ಲಿ ಮನೆ ಹೊಕ್ಕಾಗ ಅತ್ತೆ ಅರೆದಿಟ್ಟ ಮಸಾಲೆಯ ಮೇಲೆ ತಟ್ಟೆ ಮುಚ್ಚಿದರು. ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಂಗಮ್ಮ ಮಾತ್ರ ನನ್ನ ಹತ್ತಿರ ಬಂದು, "ನಮ್ಮಪ್ಪ ವರ್ಷಕ್ಕೊಂದು ದಪ ಬರೋದು. ಅವ್ರಿಗೆ ಏನಂತ ಏಳ್ಲಿ?" ಎಂದಳು. ಅಷ್ಟು ಹೇಳಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವಳು ನಾಲ್ಕು ಬೈದಿದ್ದರೆ ನಾನು ಎಂಟು ಬೈದು ಹಗುರಾಗುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಎಡೆ ಇಟ್ಟರು. ಕೋಳಿ, ಕಡುಬು, ಕಜ್ಜಾಯ, ಎಲೆಯಡಿಕೆ ಎಲ್ಲ ಬಂತು. ಎಲೆಯ ಬಲಗಡೆ ಮೀನಿನ ಜಾಗ ಹಾಗೆಯೇ ಖಾಲಿ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತರು. ಹೊತ್ತು ಹೋಗುತ್ತಿದೆ, ಅತ್ತೆ ಬಾಗಿಲು ತೆಗೆಯಲು ಹೇಳುತ್ತಿಲ್ಲ. "ಬಂದಂಗೆ ಕಾಣೆ ಕಣವ್ವ" ಎಂದು ಸಣ್ಣಗೆ ಅಂದದ್ದು ಕೇಳಿಸಿತು. ಹಸಿದ ಮಕ್ಕಳು ಮುಲುಗುತ್ತಿದ್ದವು. ನಾನು ಯಾರ ಮುಖವನ್ನೂ ನೋಡಲಾರದೆ ಜಗಲಿಗೆ ಬಂದು ರಾಟೆ ತೊಡೆಯ ಮೇಲಿಟ್ಟುಕೊಂಡು ಗಂಟು ಬಿಡಿಸುತ್ತಿದ್ದೆ. ನಾಚಿಕೆ ಅರ್ಧ, ಸಿಟ್ಟು ಅರ್ಧ. ಆಗ ಪುಟ್ಟಸ್ವಾಮಿ ಕತ್ತಲಲ್ಲಿ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವನ ಕೈಯಲ್ಲಿ ಗೊಟ್ಟ.

"ಭಾವ, ಇನ್ನೊಂದೊಸಿ ಎಣ್ಣೆ ಬುಟ್ರೆ ಗಂಟು ತಾನಾಗೇ ಜಾರ್ಕಂಡು ಬತ್ತದೇನೋ?"

ಹೇಳುತ್ತ ಹೇಳುತ್ತಲೇ ಗೊಟ್ಟವನ್ನು ರಾಟೆಯ ಮೇಲೆ ಬಗ್ಗಿಸಿದ.

ಆಮೇಲೆ ನಾನು ಏನಂದೆ ಎನ್ನುವುದು ನನಗೆ ಗೊತ್ತಾದದ್ದು ನನ್ನ ಧ್ವನಿ ಆಚೆ ದಡಕ್ಕೆ ಬಡಿದು ವಾಪಸ್ಸು ಬಂದಾಗ. "ಕೈ ಸುಮ್ಕಿರಕ್ಕಾಗ್ದಿದ್ರೆ ಓಗಿ ಕಂಬ ತಬ್ಕೊ! ನನ್ ಸಾಮಾನ್ ಮುಟ್‌ಬ್ಯಾಡ!"

ಕೊಟ್ಟಿಗೆಯಲ್ಲಿ ಎತ್ತುಗಳು ಎದ್ದು ನಿಂತವು. ಮುಲುಗುತ್ತಿದ್ದ ಮಕ್ಕಳು ಬಾಯಿ ಮುಚ್ಚಿದವು. ಆಮೇಲೆ ಒಳಗಿನಿಂದ ಅತ್ತೆಯ ಧ್ವನಿ, ಅಳುವೋ ನಗುವೋ ಹೇಳಲಾಗದಂಥದು: "ಬಂದ್ರು ಕಣವ್ವ. ಬಾಗ್ಲು ತಗೀರಿ."

ಬಾಗಿಲು ತೆಗೆದರು. ಎಲ್ಲರೂ ಅಡ್ಡಬಿದ್ದರು. ಊಟಕ್ಕೆ ಕೂತಾಗ ಅತ್ತೆ ನನ್ನ ಎಲೆಗೆ ತಾವೇ ಬಡಿಸಿದರು. ಮೀನಿನ ಮಾತು ಯಾರೂ ಎತ್ತಲಿಲ್ಲ. ನಿಂಗಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅಂದಿನ ಹಾಗೆಯೇ ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆ. ಮೀನಿಗಾಗಿ ನಾನು ಇಷ್ಟು ಕಷ್ಟಪಟ್ಟದ್ದನ್ನು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಮತ್ತೆ ಸಿಟ್ಟು ಬಂತು.

ಈಗ ಬೆಸ್ತರೇ ಮೀನು ತಂದುಕೊಡುತ್ತಾರೆ. ರಾಟೆಗೆ ಹೊಸ ತೊಗಲು ಹಾಕಿಸಿದ್ದೇನೆ, ಕಿರ್ರ್ ಎನ್ನುತ್ತದೆ. ಆದರೂ ಪ್ರತಿವರ್ಷ ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆ ಅತ್ತೆ ಪುಟ್ಟಸ್ವಾಮಿಯ ಕಡೆ ಒಮ್ಮೆ ನೋಡುತ್ತಾರೆ. ಅವನು ಗೊಟ್ಟ ಹಿಡಿದು ಜಗಲಿಗೆ, ನನ್ನ ರಾಟೆಯ ಹತ್ತಿರ ಬರುತ್ತಾನೆ. ಈ ಸಲ ಏನೇ ಆಗಲಿ ಬಾಯಿ ಬಿಡಬಾರದು ಎಂದು ನಾನೂ ಗಟ್ಟಿಮನಸ್ಸು ಮಾಡಿಕೊಂಡು ಕೂರುತ್ತೇನೆ. ಆದರೆ ನಾನು ಬಾಯಿ ಬಿಡದ ಹೊರತು ಬಾಗಿಲು ತೆಗೆಯುವುದಿಲ್ಲ, ಒಳಗೆ ಮಕ್ಕಳು ಹಸಿದಿರುತ್ತವೆ, ನನಗೂ ಹಸಿವು. ಹಾಗಾಗಿ ಕೂಗುತ್ತೇನೆ. ಸಿಟ್ಟಿನಿಂದಲ್ಲ. ನಾನು ಸಿಟ್ಟಿನ ಮನುಷ್ಯನಲ್ಲ ಎಂದು ಮೊದಲೇ ಹೇಳಿದೆನಲ್ಲ, ಎಷ್ಟು ಸಲ ಹೇಳಬೇಕು ನಿಮಗೆ?